ನೋಟಿನ ಕಂತೆ, ಕೊರಳಿನ ಫಲಕ



ನಿಮ್ಮಲ್ಲಿ ಒಂಬತ್ತನೆಯ, ಹತ್ತನೆಯ ತರಗತಿ ದಾಟಿದವರಿಗೆ ಇತಿಹಾಸದ ಪಾಠಗಳಲ್ಲಿ ಬರುವ ಎರಡು ಫೋಟೋಗಳು ನೆನಪಿರಬಹುದು. ಒಂದರಲ್ಲಿ ಪುಟ್ಟ ಮಕ್ಕಳು ನೋಟಿನ ಕಂತೆಗಳನ್ನು ಒಂದರ ಮೇಲೊಂದು ಪೇರಿಸಿ ಗೋಪುರ ಕಟ್ಟಿ ಆಡುತ್ತಿದ್ದಾರೆ. ಇನ್ನೊಂದರಲ್ಲಿ ಕೋಟು ತೊಟ್ಟ ಒಬ್ಬ ಮನುಷ್ಯ ಕೊರಳಿಗೆ ಫಲಕ ತೂಗುಹಾಕಿಕೊಂಡು ಬೀದಿಯಲ್ಲಿ ನಿಂತಿದ್ದಾನೆ. ಯಾವ ಕೆಲಸವಾದರೂ ಸರಿ, ಕೊಡಿ ಎಂದು ಅದರ ಮೇಲೆ ಬರೆದಿದೆ. ಎರಡೂ ಇದೇ ಜರ್ಮನಿಯವು. ಮೊದಲನೆಯದು 1923ರದು, ಎರಡನೆಯದು 1930ರ ನಂತರದ್ದು.

ಪಕ್ಕಪಕ್ಕದ ಪುಟಗಳಲ್ಲಿ ಇವನ್ನು ನೋಡಿದವರ ತಲೆಯಲ್ಲಿ ಒಂದೇ ಕಥೆ ಕೂತುಬಿಡುತ್ತದೆ: ಹಣಕ್ಕೆ ಬೆಲೆ ಹೋಯಿತು, ಜನರ ಕೆಲಸ ಹೋಯಿತು, ಹಿಟ್ಲರ್ ಬಂದ. ನಮ್ಮ ಶನಿವಾರದ ಕನ್ನಡ ತರಗತಿಗೆ ಬರುವ ಹುಡುಗನೊಬ್ಬ ನನಗೆ ಹೇಳಿದ್ದೂ ಹೀಗೆಯೇ. ಅವನೊಬ್ಬನ ಮಾತಲ್ಲ ಇದು. ಇಲ್ಲಿಯವರೇ ಬಹಳ ಜನ ಈ ಎರಡು ಕಾಲಗಳನ್ನು ಬೆರೆಸಿ ಒಂದೇ ಮಾಡಿಕೊಂಡಿದ್ದಾರೆಂದು 2021ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ತೋರಿಸಿತು. ನಿಜ ಏನೆಂದರೆ, ಮೊದಲ ಫೋಟೋದ ಕಾಲದಲ್ಲಿ ಬೆಲೆಗಳು ಗಂಟೆ ಗಂಟೆಗೂ ಏರುತ್ತಿದ್ದವು. ಎರಡನೆಯ ಫೋಟೋದ ಕಾಲದಲ್ಲಿ ಬೆಲೆಗಳು ತಿಂಗಳು ತಿಂಗಳು ಇಳಿಯುತ್ತಿದ್ದವು. ಬ್ರೆಡ್ಡು ಅಗ್ಗ, ಆಲೂಗಡ್ಡೆ ಅಗ್ಗ, ಬಾಡಿಗೆಯೂ ಕಡಿಮೆ. ಆದರೂ ಆ ಮನುಷ್ಯ ಫಲಕ ಹಿಡಿದು ನಿಂತಿದ್ದ.

ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿರುವುದು ಈ ವಿಚಾರ. ನಾನು ಕನ್ನಡ ಓದಿದವಳು, ಅರ್ಥಶಾಸ್ತ್ರ ಓದಿದವಳಲ್ಲ. ಆದರೆ ಇದು ಮನೆಯ ಲೆಕ್ಕದ ಪುಸ್ತಕ ಇಟ್ಟವರಿಗೆಲ್ಲ ತಿಳಿಯುವಂಥ ಸಂಗತಿ.

ಮೊದಲು ಎರಡು ಪದ. ಶಾಲೆಯಲ್ಲಿ ನೀವು ಇನ್‌ಫ್ಲಾತ್ಸಿಯೋನ್ ಎನ್ನುವುದಕ್ಕೆ ಕನ್ನಡದಲ್ಲಿ ಹಣದುಬ್ಬರ ಎನ್ನುತ್ತೇವೆ. ಹಣ ಉಬ್ಬುತ್ತದೆ, ಆದರೆ ಪೂರಿಯ ಹಾಗೆ ಒಳಗೆ ಬರೀ ಗಾಳಿ. ಅದೇ ನೋಟಿಗೆ ಮೊದಲಿಗಿಂತ ಕಡಿಮೆ ಸಾಮಾನು ಬರುತ್ತದೆ. ಇದರ ತಿರುಗುಮುರುಗು ಡಿಫ್ಲೇಶನ್. ಅದಕ್ಕೆ ಹಣದಿಳಿತ ಎಂಬ ಮಾತಿದೆ, ಆದರೆ ಊರಿನಲ್ಲಿ ಅದನ್ನು ಬಳಸಿದ್ದನ್ನು ನಾನಂತೂ ಹೆಚ್ಚು ಕೇಳಿಲ್ಲ. ಬೆಲೆ ಇಳಿಯಿತು ಎಂದರೆ ನಮಗೆ ಸಂತೋಷದ ಸುದ್ದಿ, ಅದಕ್ಕೊಂದು ರೋಗದ ಹೆಸರು ಯಾಕೆ ಎಂದು ಇರಬೇಕು! ಒಂದು ವಿಷಯ ಗಮನಿಸಿ. ಕೋಲಾರದಲ್ಲಿ ಟೊಮೆಟೊ ಬೆಲೆ ಬಿದ್ದು ರೈತರು ರಸ್ತೆಗೆ ಸುರಿದರು ಎಂದು ಅಜ್ಜಿ ವೀಡಿಯೋ ಕಾಲ್‌ನಲ್ಲಿ ಹೇಳಿದರೆ, ಅದು ಹಣದಿಳಿತವಲ್ಲ, ಒಂದು ಬೆಳೆಯ ಕಥೆ. ಎಲ್ಲದರ ಬೆಲೆಯೂ, ಅದರೊಂದಿಗೆ ಕೂಲಿ ಸಂಬಳವೂ, ವರ್ಷಗಟ್ಟಲೆ ಒಟ್ಟಿಗೆ ಕುಸಿಯುತ್ತಾ ಹೋದರೆ ಅದು ಹಣದಿಳಿತ.

ಈಗ 1914ಕ್ಕೆ ಹೋಗೋಣ. ಆಗ ಒಂದು ಡಾಲರಿಗೆ 4.20 ಮಾರ್ಕ್. ಮಾರ್ಕ್ ಎಂದರೆ ಚಿನ್ನದಷ್ಟು ಗಟ್ಟಿ, ಯಾಕೆಂದರೆ ನೋಟು ಕೊಟ್ಟರೆ ಬ್ಯಾಂಕು ಚಿನ್ನ ಕೊಡುತ್ತಿತ್ತು. ಯುದ್ಧ ಶುರುವಾದ ಕೂಡಲೇ ಅದು ನಿಂತಿತು. ಯುದ್ಧಕ್ಕೆ ದುಡ್ಡು ಎಲ್ಲಿಂದ? ತೆರಿಗೆ ಹೆಚ್ಚಿಸಿದರೆ ಜನ ಸಿಟ್ಟಾಗುತ್ತಾರೆ. ಹಾಗಾಗಿ ಸರ್ಕಾರ ಜನರ ಹತ್ತಿರವೇ ಸಾಲ ಎತ್ತಿತು. ಒಂದಲ್ಲ ಎರಡಲ್ಲ, ಒಂಬತ್ತು ಸಲ ಯುದ್ಧ ಸಾಲಪತ್ರಗಳನ್ನು ಮಾರಿತು. ಗೆದ್ದ ಮೇಲೆ ಸೋತವರಿಂದ ವಸೂಲಿ ಮಾಡಿ ತೀರಿಸುತ್ತೇವೆ ಎಂಬುದು ಲೆಕ್ಕಾಚಾರ. ಶಾಲಾ ಮಾಸ್ತರರು, ವಿಧವೆಯರು, ನಿವೃತ್ತ ಗುಮಾಸ್ತರು ದೇಶಕ್ಕಾಗಿ ಎಂದು ತಮ್ಮ ಉಳಿತಾಯವನ್ನು ಆ ಕಾಗದಗಳಿಗೆ ಹಾಕಿದರು. ಹೆಂಗಸರು ಮದುವೆಯ ಚಿನ್ನದ ಉಂಗುರ ಕೊಟ್ಟು ಬದಲಿಗೆ ಕಬ್ಬಿಣದ ಉಂಗುರ ತೊಟ್ಟುಕೊಂಡರು. ಕೊರಳಲ್ಲಿ ತಾಳಿ ಇರುವ ನಮ್ಮಂಥವರಿಗೆ ಆ ಉಂಗುರ ಬಿಚ್ಚಿದ ಗಳಿಗೆ ಎಂಥದೆಂದು ಊಹಿಸಲು ಕಷ್ಟವಿಲ್ಲ.

ಯುದ್ಧದಲ್ಲಿ ಜರ್ಮನಿಯೇ ಸೋತಿತು. ವಸೂಲಿ ಮಾಡುವವರ ಜಾಗದಲ್ಲಿದ್ದೇವೆ ಎಂದುಕೊಂಡವರು ಕೊಡುವವರಾದರು. 1921ರಲ್ಲಿ ಗೆದ್ದ ದೇಶಗಳು 13,200 ಕೋಟಿ ಚಿನ್ನದ ಮಾರ್ಕ್ ಪರಿಹಾರ ನಿಗದಿ ಮಾಡಿದವು. ಇತ್ತ ಗಾಯಗೊಂಡ ಸೈನಿಕರ ಪಿಂಚಣಿ, ಹಳೆಯ ಸಾಲದ ಬಡ್ಡಿ, ರೈಲ್ವೆ, ಅಂಚೆ, ಎಲ್ಲಕ್ಕೂ ಖರ್ಚು. ಖೋತಾ ಬಿದ್ದದ್ದನ್ನು ನೋಟು ಮುದ್ರಿಸಿ ತುಂಬಿಸಿಕೊಂಡರು. 1923ರ ಜನವರಿ 11ರಂದು ಪರಿಹಾರದ ಬಾಕಿ ವಸೂಲಿಗೆಂದು ಫ್ರಾನ್ಸ್ ಮತ್ತು ಬೆಲ್ಜಿಯಂನ ಸೈನ್ಯಗಳು ಕಲ್ಲಿದ್ದಲು, ಉಕ್ಕಿನ ನಾಡಾದ ರೂರ್ ಪ್ರದೇಶಕ್ಕೆ ನುಗ್ಗಿದವು. ಕೆಲಸ ಮಾಡಬೇಡಿ, ಸಹಕರಿಸಬೇಡಿ ಎಂದು ಸರ್ಕಾರ ಅಲ್ಲಿಯ ಕಾರ್ಮಿಕರಿಗೆ ಹೇಳಿತು. ಕೇಳಿದರೆ ನಮಗೆ ಅಸಹಕಾರ ಚಳವಳಿಯ ನೆನಪಾಗುತ್ತದೆ. ಆದರೆ ಇಲ್ಲಿ ಕೆಲಸ ಬಿಟ್ಟವರಿಗೆ ಸರ್ಕಾರವೇ ದುಡ್ಡು ಕೊಡುತ್ತಿತ್ತು. ಆ ದುಡ್ಡೂ ಮುದ್ರಣಯಂತ್ರದಿಂದಲೇ ಬರಬೇಕಿತ್ತು.

ಅಂಕಿಗಳನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. 1922ರ ಜುಲೈನಲ್ಲಿ ಡಾಲರಿಗೆ ಸುಮಾರು 490 ಮಾರ್ಕ್. 1923ರ ಜನವರಿಯಲ್ಲಿ ಸುಮಾರು 18,000. ಜುಲೈನಲ್ಲಿ ಮೂರೂವರೆ ಲಕ್ಷ. ನವೆಂಬರ್ 20ರಂದು 4.2 ಲಕ್ಷ ಕೋಟಿ. ನಿಮ್ಮ ಜರ್ಮನ್ ಪುಸ್ತಕದಲ್ಲಿ ಇದನ್ನು ಬಿಲಿಯೋನ್ ಎಂದು ಬರೆದಿರುತ್ತಾರೆ. ಇಂಗ್ಲಿಷಿನ ಬಿಲಿಯನ್ ಅದಲ್ಲ, ಅದಕ್ಕಿಂತ ಸಾವಿರ ಪಟ್ಟು ದೊಡ್ಡದು. ನಮ್ಮ ಲಕ್ಷ ಕೋಟಿ ಎಂಬ ಮಾತು ಅದಕ್ಕೆ ಸರಿಯಾಗಿ ಹೊಂದುತ್ತದೆ ನೋಡಿ, ಒಂದು ಲಕ್ಷ ಕೋಟಿ ಎಂದರೆ ಜರ್ಮನ್ನಿನ ಒಂದು ಬಿಲಿಯೋನ್. ರೈಖ್ಸ್‌ಬ್ಯಾಂಕಿನ ಸ್ವಂತ ಮುದ್ರಣಾಲಯ ಸಾಲದೆ ನೂರಕ್ಕೂ ಹೆಚ್ಚು ಖಾಸಗಿ ಮುದ್ರಣಾಲಯಗಳು ಹಗಲು ರಾತ್ರಿ ನೋಟು ಅಚ್ಚು ಹಾಕಿದವು. ಸಮಯ ಸಾಲದೆ ಎಷ್ಟೋ ನೋಟುಗಳನ್ನು ಒಂದೇ ಬದಿಗೆ ಮುದ್ರಿಸಿದರು. ಪಟ್ಟಣಗಳು, ಕಾರ್ಖಾನೆಗಳು ತಮ್ಮದೇ ತುರ್ತು ನೋಟು ಹೊರಡಿಸಿದವು. ಬೀಲೆಫೆಲ್ಡ್ ಊರಿನವರು ರೇಷ್ಮೆ ಬಟ್ಟೆಯ ಮೇಲೂ ಮುದ್ರಿಸಿದ್ದಾರೆ. ಸಂಗ್ರಾಹಕರು ಇಂದಿಗೂ ಅವನ್ನು ಕೊಳ್ಳುತ್ತಾರೆ.

ಮನೆಗಳಲ್ಲಿ ಏನಾಗುತ್ತಿತ್ತು? ಸಂಬಳ ತಿಂಗಳಿಗಲ್ಲ, ವಾರಕ್ಕಲ್ಲ, ಕೊನೆಕೊನೆಗೆ ದಿನಕ್ಕೊಮ್ಮೆ, ಕೆಲವು ಕಡೆ ದಿನಕ್ಕೆರಡು ಸಲ. ಹೆಂಡತಿಯರು ಬುಟ್ಟಿ ಹಿಡಿದು ಕಾರ್ಖಾನೆಯ ಗೇಟಿನ ಹೊರಗೆ ಕಾದಿರುತ್ತಿದ್ದರು. ಗಂಡ ಕಂತೆ ಕೈಗೆ ಕೊಟ್ಟ ಕೂಡಲೇ ಅಂಗಡಿಗೆ ಓಟ, ಡಾಲರಿನ ಹೊಸ ದರ ಬರುವುದರೊಳಗೆ ಖರ್ಚು ಮಾಡಬೇಕು. ಏನು ಸಿಕ್ಕರೆ ಅದು. ಅಕ್ಕಿ ತರಲು ಹೋಗಿ ಬೂಟಿನ ಪಾಲಿಶ್ ಡಬ್ಬ ಸಿಕ್ಕರೆ ಅದನ್ನೇ ತರುವುದು, ಯಾಕೆಂದರೆ ನಾಳೆ ನೋಟಿಗಿಂತ ಪಾಲಿಶ್ ಡಬ್ಬಕ್ಕೇ ಹೆಚ್ಚು ಬೆಲೆ. 1922ರ ಕೊನೆಗೆ ಬರ್ಲಿನ್ನಿನಲ್ಲಿ ಸುಮಾರು 160 ಮಾರ್ಕ್ ಇದ್ದ ಒಂದು ಬ್ರೆಡ್ಡಿಗೆ ಮರುವರ್ಷದ ಕೊನೆಗೆ 20,000 ಕೋಟಿ ಮಾರ್ಕ್. ಆ ವರ್ಷ ಬೆಳೆ ಚೆನ್ನಾಗಿಯೇ ಬಂದಿತ್ತು. ಆದರೂ ಪಟ್ಟಣಗಳಲ್ಲಿ ಹಸಿವು, ಏಕೆಂದರೆ ರೈತರು ಕಾಗದ ತೆಗೆದುಕೊಂಡು ಧಾನ್ಯ ಕೊಡಲು ಒಪ್ಪಲಿಲ್ಲ. ಪಟ್ಟಣದವರು ಮನೆಯ ಜಮಖಾನ, ಬೆಳ್ಳಿ ಚಮಚ ಹೊತ್ತು ಹಳ್ಳಿಗೆ ಹೋಗಿ ಆಲೂಗಡ್ಡೆ ತಂದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಹಣದುಬ್ಬರದಲ್ಲಿ ಎಲ್ಲರೂ ಹಾಳಾದರು ಎನ್ನುವುದು ಸುಲಭ, ಆದರೆ ಅದು ನಿಜವಲ್ಲ.

ಗಂಡ ಬಿಟ್ಟುಹೋದ 20,000 ಮಾರ್ಕಿನ ಸಾಲಪತ್ರದ ಬಡ್ಡಿಯಲ್ಲಿ ಜೀವನ ಮಾಡುತ್ತಿದ್ದ ಒಬ್ಬ ವಿಧವೆಯನ್ನು ಊಹಿಸಿಕೊಳ್ಳಿ. 1914ರಲ್ಲಿ ಅದು ಗೌರವದ ಬದುಕು. 1923ರ ಕೊನೆಗೆ ಆಕೆಯ ಇಡೀ ಗಂಟು ಒಂದು ಬ್ರೆಡ್ಡಿನ ಕೋಟಿ ಪಾಲಿನಲ್ಲಿ ಒಂದು ಪಾಲು. ಬೇಕಾದರೆ ಭಾಗಾಕಾರ ಮಾಡಿ ನೋಡಿ. ಆಕೆಯೇನೂ ಜೂಜಾಡಿದವಳಲ್ಲ, ದುಂದು ಮಾಡಿದವಳಲ್ಲ. ಹಿರಿಯರು ಹೇಳಿದ ಹಾಗೆ ಕೂಡಿಟ್ಟಿದ್ದಳು, ಅಷ್ಟೇ.

ಅದೇ ಬೀದಿಯಲ್ಲಿ ಮನೆ ಅಡವಿಟ್ಟು ಸಾಲ ತಂದವನೊಬ್ಬ ಇದ್ದ ಎನ್ನಿ. ಅವನು ಒಂದು ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಇಡೀ ಸಾಲವನ್ನು ಒಂದು ಟ್ರಾಮ್ ಟಿಕೆಟ್ಟಿನ ದುಡ್ಡಿನಲ್ಲಿ ತೀರಿಸಿ ಬಂದ. ಹೀಗೆ ಅನೇಕ ರೈತರು ಸಾಲಮುಕ್ತರಾದರು. ಹೂಗೋ ಷ್ಟಿನ್ನೆಸ್ ಎಂಬ ಉದ್ಯಮಿ ಸಾಲ ಎತ್ತಿ ಎತ್ತಿ ಗಣಿ, ಹಡಗು, ಹೋಟೆಲು, ಪತ್ರಿಕೆ ಎಲ್ಲವನ್ನೂ ಕೊಂಡು, ಸಾಲವನ್ನು ರದ್ದಿ ಕಾಗದದಲ್ಲಿ ತೀರಿಸಿದ. ಜನ ಅವನನ್ನು ಹಣದುಬ್ಬರದ ರಾಜ ಎಂದರು. ಆದರೆ ಎಲ್ಲರಿಗಿಂತ ದೊಡ್ಡ ಸಾಲಗಾರ ಸರ್ಕಾರವೇ. ಯುದ್ಧದ 15,400 ಕೋಟಿ ಮಾರ್ಕ್ ಸಾಲ 1923ರ ನವೆಂಬರ್‌ನಲ್ಲಿ ಹಳೆಯ ಲೆಕ್ಕದ ಹದಿನೈದು ಪೈಸೆಗೆ, ಅಂದರೆ 15.4 ಫೆನಿಗ್‌ಗೆ ಇಳಿದಿತ್ತು. ಆ ವಿಧವೆ ಕಳೆದುಕೊಂಡದ್ದು ಗಾಳಿಗೆ ಹೋಗಲಿಲ್ಲ. ಆಕೆ ಯಾರಿಗೆ ಸಾಲ ಕೊಟ್ಟಿದ್ದಳೋ ಅವರ ತಲೆಯ ಭಾರ ಇಳಿಯಿತು.

ಕೂಲಿಕಾರರು? ಅವರ ಕಥೆ ನಡುವಿನದು. ಸಂಘಟನೆ ಇದ್ದವರು ಬೆಲೆಯ ಹಿಂದೆ ಓಡುತ್ತಾ ಕೂಲಿ ಏರಿಸಿಕೊಂಡರು. 1922ರಲ್ಲಿ ಕೆಲಸವಿಲ್ಲದವರು ತೀರ ಕಡಿಮೆ ಇದ್ದರು. 1923ರ ಶರತ್ಕಾಲದ ಹೊತ್ತಿಗೆ ಆ ಓಟವೂ ಮುರಿದುಬಿದ್ದು ಕಾರ್ಖಾನೆಗಳು ಮುಚ್ಚತೊಡಗಿದವು.

ನಂತರ ನಿಂತದ್ದು ಬಹಳ ಬೇಗ. ಷ್ಟ್ರೇಸೆಮಾನ್ ಸರ್ಕಾರ ಸೆಪ್ಟೆಂಬರ್ 26ರಂದು ರೂರ್‌ನ ಪ್ರತಿರೋಧವನ್ನು ನಿಲ್ಲಿಸಿತು, ನವೆಂಬರ್ 15ರಂದು ರೆಂಟನ್‌ಮಾರ್ಕ್ ಎಂಬ ಹೊಸ ನೋಟು ಬಂತು. ಒಂದು ಲಕ್ಷ ಕೋಟಿ ಹಳೆಯ ಮಾರ್ಕಿಗೆ ಒಂದು ರೆಂಟನ್‌ಮಾರ್ಕ್. ಹನ್ನೆರಡು ಸೊನ್ನೆ ಅಳಿಸಿದರು. ಇಷ್ಟೇ ಮುದ್ರಿಸುತ್ತೇವೆ ಎಂದು ಮಿತಿ ಹಾಕಿದರು, ಸರ್ಕಾರಕ್ಕೆ ಬೇಕಾದಂತೆ ಅಚ್ಚು ಹಾಕುವುದು ನಿಂತಿತು, ಜನ ನಂಬಿದರು. ಆಗ ಹಣಕಾಸು ಮಂತ್ರಿಯಾಗಿದ್ದವನು ಹಾನ್ಸ್ ಲೂಥರ್. ಈ ಹೆಸರು ನೆನಪಿಡಿ, ಮತ್ತೆ ಬರುತ್ತಾನೆ. ಕಳೆದುಕೊಂಡವರ ಕೂಗಿಗೆ 1925ರಲ್ಲಿ ಒಂದು ಕಾನೂನು ಬಂತು. ಅಡಮಾನ ಸಾಲ ಕೊಟ್ಟವರಿಗೆ ಹಳೆಯ ಮೌಲ್ಯದ ಕಾಲು ಭಾಗ, ಸರ್ಕಾರಿ ಸಾಲಪತ್ರ ಇಟ್ಟುಕೊಂಡವರಿಗೆ ಅದಕ್ಕಿಂತ ಎಷ್ಟೋ ಕಡಿಮೆ. ನಮ್ಮ ವಿಧವೆಯ ದೇಶಭಕ್ತಿಗೆ ಸಿಕ್ಕ ಬಡ್ಡಿ ಅಷ್ಟು.

ಇನ್ನು ನಿಮ್ಮ ಪಾಠದ ಪ್ರಶ್ನೆ. ಹಿಟ್ಲರ್ 1923ರ ನವೆಂಬರ್ 8 ಮತ್ತು 9ರಂದು ಮ್ಯೂನಿಕ್‌ನಲ್ಲಿ ದಂಗೆಗೆ ಪ್ರಯತ್ನಿಸಿದ್ದು ನಿಜ. ವಿಫಲನಾಗಿ ಜೈಲಿಗೆ ಹೋದ. 1928ರ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಬಂದದ್ದು ಶೇಕಡ 2.6 ಮತ. ಹಣದುಬ್ಬರ ಮುಗಿದು ನಾಲ್ಕೂವರೆ ವರ್ಷವಾಗಿತ್ತು. ಗಾಯ ಇನ್ನೂ ಇತ್ತು, ಸರ್ಕಾರದ ಮೇಲಿನ ನಂಬಿಕೆ ಸವೆದಿತ್ತು, ಆದರೂ ಜನ ಅವನ ಕಡೆ ತಿರುಗಿರಲಿಲ್ಲ. 1930ರ ಸೆಪ್ಟೆಂಬರ್‌ನಲ್ಲಿ ಅದೇ ಪಕ್ಷಕ್ಕೆ ಶೇಕಡ 18.3. 1932ರ ಜುಲೈನಲ್ಲಿ ಶೇಕಡ 37.3. ಆ ನಾಲ್ಕು ವರ್ಷಗಳಲ್ಲಿ ಏನಾಯಿತು?

ಬೆಲೆ ಇಳಿಯಿತು.

1924ರ ನಂತರ ಜರ್ಮನಿ ಚೇತರಿಸಿಕೊಂಡದ್ದು ಬಹುಮಟ್ಟಿಗೆ ಅಮೆರಿಕದ ಸಾಲದ ಮೇಲೆ. 1929ರಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದ ಮೇಲೆ ಆ ಸಾಲ ಹಿಂದಕ್ಕೆ ಹೊರಟಿತು. ವ್ಯಾಪಾರ ಬತ್ತಿತು, ಕಾರ್ಖಾನೆಗಳು ಆಳುಗಳನ್ನು ಕಳಿಸಿದವು. 1930ರ ಮಾರ್ಚ್‌ನಲ್ಲಿ ಚಾನ್ಸಲರ್ ಆದ ಹೈನ್‌ರಿಶ್ ಬ್ರ್ಯೂನಿಂಗ್ ಸಂಸತ್ತಿನಲ್ಲಿ ಬಹುಮತವಿಲ್ಲದೆ ಸುಗ್ರೀವಾಜ್ಞೆಗಳ ಮೂಲಕ ಆಳಿದ. ಸರ್ಕಾರಿ ನೌಕರರ ಸಂಬಳವನ್ನು ಒಂದಾದ ಮೇಲೊಂದು ಮೂರು ಸಲ ಕಡಿದ. 1931ರ ಡಿಸೆಂಬರ್ 8ರ ಆಜ್ಞೆಯಲ್ಲಿ ದೇಶದ ಕೂಲಿಗಳನ್ನೆಲ್ಲ 1927ರ ಜನವರಿಯ ಮಟ್ಟಕ್ಕೆ ಇಳಿಸಿದ, ಬೆಲೆಗಳನ್ನೂ ಬಾಡಿಗೆಗಳನ್ನೂ ಶೇಕಡ ಹತ್ತು ಇಳಿಸಲು ಹೇಳಿದ. 1929ರಿಂದ 1932ರೊಳಗೆ ಜೀವನವೆಚ್ಚ ಸುಮಾರು ಐದನೇ ಒಂದು ಭಾಗ ತಗ್ಗಿತು. ಜನ ಅವನಿಗೆ ಇಟ್ಟ ಹೆಸರು ಹಸಿವಿನ ಚಾನ್ಸಲರ್.

ಬೆಲೆಯೂ ಇಳಿದಿದೆ, ಕೂಲಿಯೂ ಇಳಿದಿದೆ, ಸರಿಹೋಯಿತಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಇರುವುದು ಇಳಿಯದೆ ಉಳಿದ ಒಂದರಲ್ಲಿ. ಸಾಲ ಇಳಿಯುವುದಿಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಂದಿ ಸಾಕುವ ಒಬ್ಬ ರೈತ 1,000 ಮಾರ್ಕ್ ಸಾಲ ತಂದಿದ್ದಾನೆ. ಆಗ ಒಂದು ಹಂದಿಗೆ 100 ಮಾರ್ಕ್, ಹತ್ತು ಹಂದಿ ಮಾರಿದರೆ ಸಾಲ ತೀರುತ್ತದೆ. ಹಂದಿಯ ಬೆಲೆ 50ಕ್ಕೆ ಬಿದ್ದರೆ ಇಪ್ಪತ್ತು ಹಂದಿ ಬೇಕು. ಅವನು ಹೊಸ ಸಾಲ ಮಾಡಿಲ್ಲ, ಸೋಮಾರಿಯೂ ಅಲ್ಲ. ಕಾಗದದ ಮೇಲೆ ಅದೇ 1,000. ಆದರೆ ಅವನ ಬೆವರಿನ ಲೆಕ್ಕದಲ್ಲಿ ಸಾಲ ದುಪ್ಪಟ್ಟಾಯಿತು. ಅವನು ಹೆದರಿ ಹೆಚ್ಚು ಹಂದಿ ಮಾರುತ್ತಾನೆ. ಎಲ್ಲರೂ ಮಾರುತ್ತಾರೆ. ಬೆಲೆ ಇನ್ನೂ ಬೀಳುತ್ತದೆ. ಸಾಲ ತೀರಿಸುವ ಆತುರವೇ ಸಾಲವನ್ನು ಭಾರ ಮಾಡುವ ಈ ವಿಚಿತ್ರವನ್ನು ಅಮೆರಿಕದ ಇರ್ವಿಂಗ್ ಫಿಷರ್ 1933ರಲ್ಲಿ ಒಂದು ಲೇಖನದಲ್ಲಿ ವಿವರಿಸಿದ. ಪಾಪ, ಅವನೂ 1929ರ ಕುಸಿತದಲ್ಲಿ ತನ್ನ ಆಸ್ತಿ ಕಳೆದುಕೊಂಡವನೇ.

ಕಾರ್ಖಾನೆಯವನಿಗೂ ಇದೇ ಗತಿ. ಬ್ಯಾಂಕಿನ ಕಂತು ಅಷ್ಟೇ ಇದೆ, ಸಾಮಾನಿಗೆ ಬರುವ ದುಡ್ಡು ಕಡಿಮೆಯಾಗಿದೆ. ಕೂಲಿಯನ್ನು ಎಷ್ಟೆಂದು ಇಳಿಸುತ್ತಾನೆ? ಆಳುಗಳನ್ನೇ ಇಳಿಸುತ್ತಾನೆ. ಕೊಳ್ಳುವವನು ಮುಂದಿನ ತಿಂಗಳು ಇನ್ನೂ ಅಗ್ಗವಾಗಬಹುದು, ನನ್ನ ಕೆಲಸವೂ ಇರುತ್ತದೋ ಇಲ್ಲವೋ ಎಂದು ಕೈ ಹಿಡಿಯುತ್ತಾನೆ. ಹಣದುಬ್ಬರದಲ್ಲಿ ಜನ ಅಂಗಡಿಗೆ ಓಡಿದರು, ಹಣದಿಳಿತದಲ್ಲಿ ಅಂಗಡಿಯ ಕಿಟಕಿ ನೋಡಿ ಮನೆಗೆ ಬಂದರು. 1932ರ ಚಳಿಗಾಲದಲ್ಲಿ ನೋಂದಾಯಿತ ನಿರುದ್ಯೋಗಿಗಳು 60 ಲಕ್ಷ ದಾಟಿದ್ದರು.

ಅವರಿಗೆ ವಿಮೆ ಇತ್ತು. 1927ರಲ್ಲಿ ಬಂದ ನಿರುದ್ಯೋಗ ವಿಮೆ ಆ ಕಾಲಕ್ಕೆ ದೊಡ್ಡ ಸಾಧನೆ, ಇವತ್ತು ನಿಮ್ಮ ಅಪ್ಪ ಅಮ್ಮನ ಸಂಬಳದ ಚೀಟಿಯಲ್ಲಿ ಕಾಣುವ ಕಡಿತದ ಮೂಲವೂ ಅಲ್ಲೇ ಇದೆ. ಆದರೆ ಅದು ಇಷ್ಟು ಜನರಿಗೆಂದು ಕಟ್ಟಿದ್ದಲ್ಲ. ಮೊದಲು ಭತ್ಯೆ ಕಡಿಮೆ ಮಾಡಿದರು, ಆಮೇಲೆ ಅವಧಿ. 1932ರ ಬೇಸಿಗೆಯ ಹೊತ್ತಿಗೆ ಆರು ವಾರ ಕಳೆದ ಮೇಲೆ ಮನೆಯಲ್ಲಿ ಏನೇನಿದೆ ಎಂದು ಪರೀಕ್ಷಿಸಿ, ನಿಜವಾಗಿ ಗತಿಗೆಟ್ಟಿದ್ದಾರೆಂದು ಕಂಡರೆ ಮಾತ್ರ ಮುಂದಿನ ನೆರವು. ಬಾಡಿಗೆ ಕಟ್ಟಲಾಗದವರು ಬರ್ಲಿನ್ನಿನ ಮ್ಯೂಗ್ಗೆಲ್ ಸರೋವರದ ದಡದಲ್ಲಿ ಡೇರೆ ಹಾಕಿಕೊಂಡರು. ಆ ಜಾಗದ ಹೆಸರಿನದೇ ಒಂದು ಸಿನಿಮಾ ಇದೆ, 1932ರ ಕೂಲೆ ವಾಂಪೆ. ಬ್ರೆಖ್ಟ್ ಅದರ ಬರವಣಿಗೆಯಲ್ಲಿದ್ದ. ಅದರ ಮೊದಲ ಭಾಗದಲ್ಲಿ ದಿನವಿಡೀ ಸೈಕಲ್ಲಿನಲ್ಲಿ ಕೆಲಸ ಹುಡುಕಿ ಬರಿಗೈಲಿ ಮರಳಿದ ಯುವಕ ಜೀವ ಕಳೆದುಕೊಳ್ಳುತ್ತಾನೆ. ಅದಕ್ಕೆ ಮುಂಚೆ ಕೈಗಡಿಯಾರ ಬಿಚ್ಚಿ ಜೋಪಾನವಾಗಿ ಇಡುತ್ತಾನೆ. ಗಡಿಯಾರ ಮಾರಿದರೆ ನಾಲ್ಕು ಕಾಸು ಬರುತ್ತದೆ, ಮನೆಯವರಿಗಾದೀತು. ಸರ್ಕಾರ ಮೊದಲು ಈ ಚಿತ್ರವನ್ನು ನಿಷೇಧಿಸಿ, ಆಮೇಲೆ ಕತ್ತರಿ ಹಾಕಿ ಬಿಟ್ಟಿತು. ದೊಡ್ಡವರಾದ ಮೇಲೆ ನೋಡಿ, ಈಗಲೇ ನೋಡುವುದಾದರೆ ಯಾರಾದರೂ ಜೊತೆಗಿರಲಿ.

ಈ ಇಳಿತದಲ್ಲಿ ಗೆದ್ದವರು ಇರಲಿಲ್ಲವೇ? ಇದ್ದರು. ಕೆಲಸ ಉಳಿದು, ಸಾಲ ಇಲ್ಲದೆ, ಕೈಯಲ್ಲಿ ನಗದು ಇದ್ದವರಿಗೆ ಆ ನಗದು ಪ್ರತಿ ತಿಂಗಳು ಹೆಚ್ಚು ಸಾಮಾನು ತರುತ್ತಿತ್ತು. ನಮ್ಮ ವಿಧವೆಗೆ ಇದು ಒಳ್ಳೆಯ ಕಾಲವಾಗಬೇಕಿತ್ತು. ಆದರೆ ಅವಳ ಕೈಯಲ್ಲಿ ಆಗ ಏನೂ ಉಳಿದಿರಲಿಲ್ಲ. ಬೆಲೆ ಏರಿದಾಗ ಅವಳ ಹತ್ತಿರ ದುಡ್ಡಿತ್ತು, ಇಳಿದಾಗ ಇರಲಿಲ್ಲ. ಇತಿಹಾಸದಲ್ಲಿ ಇಂಥ ಕ್ರೂರ ಅನುಕ್ರಮಗಳಿರುತ್ತವೆ.

ಹಾಗಾದರೆ ಯಾರೂ ತಡೆಯಲಿಲ್ಲವೇ? ನನ್ನನ್ನು ತುಂಬ ಕಾಡುವ ಭಾಗ ಇದು. 1932ರ ಜನವರಿಯಲ್ಲಿ ಕಾರ್ಮಿಕ ಸಂಘದ ಅರ್ಥಶಾಸ್ತ್ರಜ್ಞ ವ್ಲಾದಿಮಿರ್ ವೊಯ್ಟಿನ್ಸ್ಕಿ ಮತ್ತು ಇಬ್ಬರು ಸಂಗಡಿಗರು ಒಂದು ಯೋಜನೆ ಮುಂದಿಟ್ಟರು. ಸರ್ಕಾರ ಸಾಲ ಮಾಡಿ ಲೋಕೋಪಯೋಗಿ ಕೆಲಸ ಶುರುಮಾಡಲಿ, ಲಕ್ಷಾಂತರ ಜನರಿಗೆ ಕೂಲಿ ಸಿಗಲಿ ಎಂದು. ವಿರೋಧಿಸಿದವರಲ್ಲಿ ಕಾರ್ಮಿಕರ ಪಕ್ಷದ ದೊಡ್ಡ ಪಂಡಿತ ರುಡಾಲ್ಫ್ ಹಿಲ್ಫರ್ಡಿಂಗ್ ಕೂಡ ಇದ್ದ. ಕಾರಣ? ಹಣದುಬ್ಬರ ಬಂದೀತು! ದೇಶದಲ್ಲಿ ಬೆಲೆಗಳು ಪಾತಾಳಕ್ಕೆ ಇಳಿಯುತ್ತಿರುವಾಗ ಏರಿಕೆಯ ಭಯ. ಆದರೆ ಅವರನ್ನು ನೋಡಿ ನಗುವುದು ಸರಿಯಲ್ಲ. ಹಿಲ್ಫರ್ಡಿಂಗ್ 1923ರ ಆ ಭೀಕರ ತಿಂಗಳುಗಳಲ್ಲಿ ಸ್ವತಃ ಹಣಕಾಸು ಮಂತ್ರಿಯಾಗಿದ್ದವನು. ಆಗ ರೈಖ್ಸ್‌ಬ್ಯಾಂಕಿನ ಅಧ್ಯಕ್ಷನಾಗಿದ್ದವನು ಯಾರು ಗೊತ್ತೇ? ಅದೇ ಹಾನ್ಸ್ ಲೂಥರ್. ಬೆಂಕಿ ನಂದಿಸಿದ ಮನುಷ್ಯ ಪ್ರವಾಹದ ದಿನವೂ ಬೆಂಕಿಯನ್ನೇ ಕಾಯುತ್ತಾ ಕೂತಿದ್ದ. ಬ್ರ್ಯೂನಿಂಗ್‌ಗೆ ಬೇರೆ ಕಾರಣಗಳೂ ಇದ್ದವು. ನಮ್ಮಿಂದ ಪರಿಹಾರ ಕೊಡಲು ಸಾಧ್ಯವೇ ಇಲ್ಲವೆಂದು ಲೋಕಕ್ಕೆ ತೋರಿಸಬೇಕಿತ್ತು, ಹೊರಗಿನ ಸಾಲ ಸಿಗುತ್ತಿರಲಿಲ್ಲ, ನೋಟಿಗೆ ಇಷ್ಟು ಚಿನ್ನ ಇರಬೇಕೆಂಬ ಕಟ್ಟುಪಾಡು ಇತ್ತು. ಪರಿಹಾರದ ಹೊರೆ ಕೊನೆಗೂ ಇಳಿದದ್ದು 1932ರ ಜುಲೈನಲ್ಲಿ, ಅವನು ಅಧಿಕಾರ ಕಳೆದುಕೊಂಡ ಕೆಲವೇ ವಾರಗಳ ಮೇಲೆ.

ಮತಗಳ ವಿಷಯದಲ್ಲಿ ಒಂದು ಎಚ್ಚರ. ಕೆಲಸ ಕಳೆದುಕೊಂಡವರೆಲ್ಲ ನಾಜಿಗಳಿಗೆ ಮತ ಹಾಕಿದರು ಎಂದುಕೊಳ್ಳಬೇಡಿ. ನಿರುದ್ಯೋಗಿ ಕಾರ್ಮಿಕರಲ್ಲಿ ಬಹಳ ಮಂದಿ ಕಮ್ಯುನಿಸ್ಟರ ಕಡೆ ಹೋದರು. ನಾಜಿಗಳಿಗೆ ಸುರಿದದ್ದು ಸಾಲದಲ್ಲಿದ್ದ ಸಣ್ಣ ರೈತರು, ಅಂಗಡಿಯವರು, ನಾಳೆ ನನ್ನದೂ ಹೋದೀತು ಎಂದು ಹೆದರಿದವರ ಮತ. ಹಂದಿ, ದನ ಸಾಕುವ ಷ್ಲೆಸ್ವಿಗ್-ಹೋಲ್‌ಷ್ಟೈನ್ ಪ್ರಾಂತದಲ್ಲಿ 1928ರಿಂದಲೇ ರೈತರು ಕಪ್ಪು ಬಾವುಟ ಹಿಡಿದು ತೆರಿಗೆ, ಜಪ್ತಿಗಳ ವಿರುದ್ಧ ಎದ್ದಿದ್ದರು. 1932ರ ಜುಲೈನಲ್ಲಿ ಅಲ್ಲಿ ನಾಜಿಗಳಿಗೆ ಶೇಕಡ 51 ಮತ. ಬೆಲೆಯ ಇಳಿತವೊಂದೇ ಹಿಟ್ಲರನನ್ನು ತಂದಿತು ಎಂದು ನಾನು ಹೇಳುವುದಿಲ್ಲ. ಸೋಲಿನ ಅವಮಾನ, ಯೆಹೂದಿ ದ್ವೇಷ, ಅವನನ್ನು ಪಳಗಿಸಬಹುದು ಎಂದುಕೊಂಡ ಮುದುಕರ ಅಹಂಕಾರ, ಎಲ್ಲವೂ ಇದ್ದವು. ಆದರೆ ಅವನ್ನೆಲ್ಲ 1928ರಲ್ಲೂ ನೋಡಬಹುದಿತ್ತು. ಮತ ಬಂದದ್ದು ಆಮೇಲೆ.

ಈ ವರ್ಷಗಳಲ್ಲಿ ಬರ್ಲಿನ್ನಿನಲ್ಲಿ ಓದುತ್ತಿದ್ದ ಒಬ್ಬ ಭಾರತೀಯ ವಿದ್ಯಾರ್ಥಿಯ ಹೆಸರು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ, ರಾಮಮನೋಹರ ಲೋಹಿಯಾ. 1929ರಿಂದ 1933ರವರೆಗೆ ಇಲ್ಲಿದ್ದು ಭಾರತದ ಉಪ್ಪಿನ ತೆರಿಗೆಯ ಮೇಲೆ ಪಿಎಚ್.ಡಿ. ಬರೆದವರು. ಮುಂದೆ 1951ರಲ್ಲಿ ನಮ್ಮ ಸಾಗರದ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದರು. ಗೇಣಿ, ಸಾಲ, ಕಂದಾಯದ ಮಾತು ಬಂದಾಗ ಇವರಿಗೆ ಬರ್ಲಿನ್ನಿನ ಬೀದಿಗಳು ನೆನಪಾಗಿರಬಹುದೇ ಎಂದು ನನಗೆ ಅನ್ನಿಸುವುದುಂಟು.

ಯಾಕೆಂದರೆ ಅದೇ ಹಣದಿಳಿತ ನಮ್ಮ ಊರುಗಳನ್ನೂ ಹೊಕ್ಕಿತ್ತು. 1929ರಿಂದ ನಾಲ್ಕು ವರ್ಷಗಳಲ್ಲಿ ಭಾರತದ ಕೃಷಿ ಉತ್ಪನ್ನಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು. ಬ್ರಿಟಿಷ್ ಸರ್ಕಾರ ರೂಪಾಯಿಯನ್ನು 1 ಷಿಲಿಂಗ್ 6 ಪೆನ್ಸ್ ದರಕ್ಕೆ ಕಟ್ಟಿಹಾಕಿ, ಅದನ್ನು ಕಾಯಲು ಹಣದ ಹರಿವನ್ನು ಬಿಗಿಮಾಡಿತ್ತು. ಭತ್ತದ ಬೆಲೆ ಇಳಿದರೂ ಕಂದಾಯ ಇಳಿಯಲಿಲ್ಲ, ಸಾಹುಕಾರನ ಪತ್ರದ ಅಂಕಿ ಇಳಿಯಲಿಲ್ಲ. ಹಂದಿಯ ಲೆಕ್ಕವನ್ನೇ ಭತ್ತದ ಮೂಟೆಗೆ ಹಾಕಿಕೊಳ್ಳಿ. 1930ರ ಜನವರಿಯಲ್ಲಿ ಗಾಂಧೀಜಿ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ಜೊತೆಗೆ ಎರಡನ್ನು ನಾವು ಮರೆತಿದ್ದೇವೆ: ರೂಪಾಯಿಯ ದರ 1 ಷಿಲಿಂಗ್ 4 ಪೆನ್ಸ್‌ಗೆ ಇಳಿಯಲಿ, ಭೂಕಂದಾಯ ಅರ್ಧವಾಗಲಿ. ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರಗಳಲ್ಲಿ ರೈತರು ಕರನಿರಾಕರಣೆ ಮಾಡಿ ಜಮೀನು, ಪಾತ್ರೆ ಪಗಡ ಕಳೆದುಕೊಂಡದ್ದು ಇದೇ ವರ್ಷಗಳಲ್ಲಿ. ಅದು ಸ್ವಾತಂತ್ರ್ಯದ ಹೋರಾಟ, ಬರೀ ಬೆಲೆಯ ಜಗಳವಲ್ಲ. ಆದರೆ ಜಪ್ತಿಗೆ ಬಂದವರು ಕೇಳುತ್ತಿದ್ದ ರೂಪಾಯಿ ರೈತನಿಗೆ ಹಿಂದಿಗಿಂತ ಎಷ್ಟು ದುಬಾರಿಯಾಗಿತ್ತು ಎಂಬುದನ್ನೂ ಸೇರಿಸಿ ಓದಬೇಕು. 1931ರ ನಂತರ ಹಳ್ಳಿಗಳಿಂದ ಚಿನ್ನ ಹೊಳೆಯಂತೆ ಹರಿದು ಮುಂಬಯಿಯ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಬ್ರಿಟನ್ ಚಿನ್ನದ ಮಾನ ಬಿಟ್ಟ ಮೇಲೆ ಚಿನ್ನಕ್ಕೆ ಒಳ್ಳೆಯ ಬೆಲೆ ಬಂತೆಂದು ಲಾಭಕ್ಕೆ ಮಾರಿದವರೂ ಇದ್ದರು. ಕಂದಾಯ ಕಟ್ಟಲು, ಸಾಲ ತೀರಿಸಲು ಹೆಂಗಸರ ಮೈಮೇಲಿನ ಒಡವೆ ಬಿಚ್ಚಿದವರ ಪಾಲೂ ಅದರಲ್ಲಿ ದೊಡ್ಡದು.

ಇಷ್ಟು ಹಳೆಯದನ್ನೆಲ್ಲ ಈಗ ಯಾಕೆ ಎಂದರೆ, 2022ರಲ್ಲಿ ಇಲ್ಲಿ ಬೆಲೆಗಳು ವರ್ಷಕ್ಕೆ ಸರಾಸರಿ ಶೇಕಡ 6.9 ಏರಿದಾಗ 1923ರ ಫೋಟೋಗಳು ಮತ್ತೆ ಹೊರಬಂದವು. 1931ರ ಫೋಟೋ ಅಷ್ಟಾಗಿ ಬರಲಿಲ್ಲ. ಯುರೋಪಿನ ಕೇಂದ್ರ ಬ್ಯಾಂಕು ಬೆಲೆ ಏರಿಕೆ ಸೊನ್ನೆ ಇರಲಿ ಎನ್ನುವುದಿಲ್ಲ, ಶೇಕಡ 2 ಇರಲಿ ಎನ್ನುತ್ತದೆ. ಯಾಕೆ ಸೊನ್ನೆಯಲ್ಲ ಎಂದು ನಿಮ್ಮ ಮೇಷ್ಟ್ರನ್ನು ಕೇಳಿ ನೋಡಿ. ಅದರ ಹಲವು ಕಾರಣಗಳಲ್ಲಿ ಒಂದು, ಸೊನ್ನೆಯ ಕೆಳಗೆ ಜಾರದಂತೆ ಸ್ವಲ್ಪ ಜಾಗ ಬಿಡುವುದು.

ಇನ್ನೊಂದನ್ನು ಮನೆಯಲ್ಲೇ ಕೇಳಿ. ನಿಮ್ಮ ಅಪ್ಪ ಅಮ್ಮ ಹತ್ತು ವರ್ಷಕ್ಕೆ ಬಡ್ಡಿ ಕಟ್ಟಿಹಾಕಿಸಿ ಮನೆ ಸಾಲ ಮಾಡಿದ್ದರೆ, 2022ರ ನಂತರ ಆ ಕಂತು ಸಂಬಳದಲ್ಲಿ ಮೊದಲಿಗಿಂತ ಹೆಚ್ಚು ಪಾಲು ತಿನ್ನುತ್ತಿದೆಯೋ ಕಡಿಮೆಯೋ ಎಂದು ಅವರನ್ನು ಕೇಳಿ. ಆಮೇಲೆ ಊರಿಗೆ ಫೋನ್ ಮಾಡಿ, ಎಫ್‌ಡಿ ಬಡ್ಡಿಯಲ್ಲೇ ಮನೆ ನಡೆಸುವ ಅಜ್ಜಿಗೆ ಅದರಲ್ಲಿ ಈಗ ಎಷ್ಟು ಲೀಟರ್ ಹಾಲು, ಎಷ್ಟು ಮಾತ್ರೆ ಬರುತ್ತದೆ, ಐದು ವರ್ಷದ ಹಿಂದೆ ಎಷ್ಟು ಬರುತ್ತಿತ್ತು ಎಂದು ಕೇಳಿ. ಎರಡೂ ಉತ್ತರಗಳನ್ನು ಕನ್ನಡದಲ್ಲಿ ಬರೆದು ಮುಂದಿನ ಶನಿವಾರ ತನ್ನಿ.